ನಾವು ಕಟ್ಟಿದ ವಿಮಾನ

ಇಳಿವಯಸ್ಸಿನಲ್ಲಿ ಮನುಷ್ಯನಿಗೆ ಒಂದು ಹವ್ಯಾಸವಿರಬೇಕೆಂದು ಬಲ್ಲವರು ಹೇಳುತ್ತಾರೆ. ಕೆಲವರು ಹಿತ್ತಲಿನಲ್ಲಿ ಗುಲಾಬಿ ಬೆಳೆಯಿಸುತ್ತಾರೆ. ಕೆಲವರು ವೇದಾಂತ ಗ್ರಂಥಗಳನ್ನು ತೆರೆದಿಟ್ಟುಕೊಂಡು ನಿದ್ರೆ ಮಾಡುತ್ತಾರೆ. ಇನ್ನು ಕೆಲವರು ನೆರೆಮನೆಯವರ ಯೋಗಕ್ಷೇಮವನ್ನು ಅಗತ್ಯಕ್ಕಿಂತ ಹೆಚ್ಚಾಗಿ ವಿಚಾರಿಸುತ್ತಾರೆ. ನಾವು ಪುಟ್ಟ ವಿಮಾನಗಳನ್ನು ಕಟ್ಟುತ್ತೇವೆ. ಇದನ್ನು ಕೇಳಿದವರು ಮೊದಲು ನಮ್ಮ ನರೆಗೂದಲನ್ನೂ ಆಮೇಲೆ ನಮ್ಮ ಮುಖವನ್ನೂ ನೋಡಿ, ‘ಮೊಮ್ಮಕ್ಕಳಿಗೋ?’ ಎಂದು ವಿನಯದಿಂದ ಕೇಳುವುದುಂಟು. ನಾವು ಹೌದೆಂದೂ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ವಾಚಕರೊಡನೆ ಮುಚ್ಚುಮರೆಯೇಕೆ? ಅವು ನಮಗಾಗಿಯೇ.

ನಮ್ಮ ಓದುವ ಕೋಣೆಯ ಗೋಡೆಹಲಗೆಯ ಮೇಲೆ ಈವರೆಗೆ ಕಟ್ಟಿದ ಹದಿನಾಲ್ಕು ವಿಮಾನಗಳು ಸಾಲಾಗಿ ನಿಂತಿವೆ. ಎಲ್ಲವೂ ಎರಡನೆಯ ಮಹಾಯುದ್ಧದ ಕಾಲದವು. ಎಲ್ಲವೂ ಮೂಲದ ೧೪೪ನೆಯ ಒಂದು ಪಾಲಿನ ಅಳತೆಯವು. ಈ ೧೪೪ ಎಂಬ ಸಂಖ್ಯೆ ವಿಚಿತ್ರವಾಗಿ ತೋರಬಹುದು. ಒಂದು ಅಂಗುಲವನ್ನು ಹನ್ನೆರಡು ಪಾಲು ಮಾಡಿದರೆ ಅದರಲ್ಲಿ ಒಂದೊಂದು ಪಾಲು ನಿಜವಾದ ವಿಮಾನದ ಒಂದೊಂದು ಅಡಿಗೆ ಸಮನಾಗುತ್ತದೆ. ಅಡಿ ಅಂಗುಲಗಳ ಕಾಲದ ಈ ಲೆಕ್ಕ ಮೀಟರುಗಳ ಕಾಲಕ್ಕೂ ಉಳಿದುಬಂದಿದೆ. ಈ ಅಳತೆಯಲ್ಲಿ ಐದೂವರೆ ಅಡಿ ಎತ್ತರದ ಮನುಷ್ಯನು ಅರ್ಧ ಅಂಗುಲಕ್ಕಿಂತಲೂ ಗಿಡ್ಡನಾಗುತ್ತಾನೆ. ಜಪಾನಿನ ಪ್ರಸಿದ್ಧವಾದ ‘ಜೀರೋ’ ಕಾಳಗದ ವಿಮಾನಕ್ಕೆ ರೆಕ್ಕೆಯ ತುದಿಯಿಂದ ತುದಿಗೆ ೧೨ ಮೀಟರು; ನಮ್ಮ ಹಲಗೆಯ ಮೇಲೆ ಅದು ೮ ಸೆಂಟಿಮೀಟರಿಗೆ ಕೊಂಚ ಹೆಚ್ಚಾಗಿದ್ದು, ಅಂಗೈಯಲ್ಲಿ ಸುಖವಾಗಿ ಕುಳಿತುಕೊಳ್ಳುತ್ತದೆ. ಅಮೆರಿಕದ ಬಿ-೨೯ ಎಂಬ ಬಾಂಬು ವಿಮಾನಕ್ಕೆ ೪೩ ಮೀಟರು. ಅದು ಇಲ್ಲಿ ೩೦ ಸೆಂಟಿಮೀಟರು, ಎಂದರೆ ಶಾಲೆಯ ಹುಡುಗರ ಅಡಿಕೋಲಿನಷ್ಟು. ಕಳೆದ ವರುಷದವರೆಗೂ ನಮ್ಮ ಹಲಗೆಯ ಮೇಲೆ ಅದೇ ದೊಡ್ಡಣ್ಣನಾಗಿತ್ತು.

ಹದಿನೈದನೆಯದು ಫುಗಾಕು. ಅದನ್ನು ಕುರಿತೇ ಈ ಲೇಖನ.

ಮೊದಲಿನ ಹದಿನಾಲ್ಕಕ್ಕೂ ಫೋಟೋಗಳಿದ್ದವು. ಯಾವ ಭಾಗದ ಬಗೆಗೆ ಸಂದೇಹ ಬಂದರೂ ಪುಸ್ತಕವನ್ನು ತೆರೆದು ನೋಡಿದರೆ, ವಿಮಾನ ಬಯಲಿನಲ್ಲಿ ನಿಂತಿರುತ್ತಿತ್ತು. ಅದರ ಚಕ್ರದ ಹತ್ತಿರ ಯಾರೋ ಒಬ್ಬ ಮಿಸ್ತ್ರಿ ಬಿಸಿಲಿಗೆ ಕಣ್ಣು ಕಿರಿದುಮಾಡಿಕೊಂಡು ನಿಂತಿರುತ್ತಿದ್ದ. ಫುಗಾಕು ವಿಮಾನ ಬಯಲಿನಲ್ಲಿ ನಿಂತ ಫೋಟೋ ಒಂದೂ ಇಲ್ಲ. ಇರುವುದು ಸಾಧ್ಯವೂ ಇಲ್ಲ. ಏಕೆಂದರೆ ಆ ವಿಮಾನವನ್ನು ಯಾರೂ ಕಟ್ಟಲಿಲ್ಲ. ಅದು ಕಾಗದದ ಮೇಲೆ ಹುಟ್ಟಿ, ಕಾಗದದ ಮೇಲೆ ಬೆಳೆದು, ೧೯೪೪ರಲ್ಲಿ ಕಾಗದದ ಮೇಲೆಯೇ ತೀರಿಕೊಂಡಿತು. ಯುದ್ಧ ಮುಗಿಯುವಾಗ ಜಪಾನಿನವರು ರಾಶಿ ರಾಶಿ ಕಾಗದಪತ್ರಗಳನ್ನು ಸುಟ್ಟುಹಾಕಿದ್ದರಿಂದ, ಅದರ ಚಿತಾಭಸ್ಮವೆನ್ನಬಹುದಾದ ಕೆಲವು ನಕ್ಷೆಗಳೂ ಅಂಕಿಗಳೂ ಮಾತ್ರ ನಮ್ಮ ಕಾಲದವರೆಗೆ ಬಂದಿವೆ.

ಫುಗಾಕು ಎಂಬುದು ಫುಜಿ ಪರ್ವತದ ಇನ್ನೊಂದು ಹೆಸರು. ಚಿತ್ರಕಾರ ಹೊಕುಸಾಯಿಯು ಆ ಪರ್ವತದ ಮೂವತ್ತಾರು ನೋಟಗಳೆಂದು ರಚಿಸಿದ ಲೋಕಪ್ರಸಿದ್ಧ ಚಿತ್ರಮಾಲೆಯ ಹೆಸರಿನಲ್ಲಿಯೂ ಈ ಶಬ್ದವೇ ಇದೆ. ಜಪಾನಿಗೆ ಫುಜಿ ಎಂದರೆ ನಮಗೆ ಹಿಮಾಲಯವಿದ್ದಂತೆ. ಅಂಥ ಹೆಸರನ್ನು ವಿಮಾನಕ್ಕೆ ಇಡಬೇಕಾದರೆ ಅದನ್ನು ನೆನೆದವರ ಮನಸ್ಸಿನಲ್ಲಿ ಎಷ್ಟು ದೊಡ್ಡ ಆಸೆ ಇದ್ದಿರಬೇಕು!

ಆ ಆಸೆ ಮುಖ್ಯವಾಗಿ ಒಬ್ಬ ಮನುಷ್ಯನದು. ನಕಾಜಿಮ ಚಿಕುಹೆಯಿ ಎಂಬಾತನು ೧೮೮೪ರಲ್ಲಿ ಗುನ್ಮ ಪ್ರಾಂತದ ಒಂದು ಒಕ್ಕಲು ಮನೆತನದಲ್ಲಿ ಹುಟ್ಟಿದನು. ನೌಕಾದಳವನ್ನು ಸೇರಿ ಇಂಜಿನಿಯರನಾದನು. ವಿಮಾನದ ಮುಂದೆ ದೊಡ್ಡ ಹಡಗುಗಳ ಕಾಲ ಮುಗಿಯಿತೆಂದು ಬಹು ಮುಂಚೆಯೇ ಅವನಿಗೆ ಹೊಳೆದಿತ್ತು. ೧೯೧೭ರಲ್ಲಿ ನೌಕರಿಯನ್ನು ಬಿಟ್ಟು, ಓಟಾ ಎಂಬ ಊರಿನಲ್ಲಿ ವಿಮಾನದ ಕೆಲಸವನ್ನು ಪ್ರಾರಂಭಿಸಿದನು. ಇಪ್ಪತ್ತೈದು ವರುಷಗಳೊಳಗೆ ಅದು ದೇಶದ ಅತಿ ದೊಡ್ಡ ವಿಮಾನ ಕಾರ್ಖಾನೆಗಳಲ್ಲಿ ಒಂದಾಯಿತು. ಈ ನಡುವೆ ಆತನು ಶಾಸನಸಭೆಯ ಸದಸ್ಯನೂ ಆಗಿ, ೧೯೩೭ರಲ್ಲಿ ರೈಲ್ವೆ ಮಂತ್ರಿಯೂ ಆದನು. ಕಾರ್ಖಾನೆಯ ಲೆಕ್ಕವನ್ನೂ ರಾಜ್ಯದ ಲೆಕ್ಕವನ್ನೂ ಒಟ್ಟಿಗೆ ಬಲ್ಲವರು ವಿರಳ. ಆತನು ಆ ವಿರಳರಲ್ಲಿ ಒಬ್ಬನು.

೧೯೪೨ನೆಯ ಏಪ್ರಿಲ್ ೧೮ರಂದು ಅಮೆರಿಕದ ೧೬ ವಿಮಾನಗಳು ಹಡಗಿನ ಮೇಲಿನಿಂದ ಎದ್ದು ಬಂದು ಟೋಕಿಯೋ ಮೊದಲಾದ ಕಡೆ ಬಾಂಬು ಹಾಕಿ ಹೋದವು. ಹಾನಿ ಹೆಚ್ಚಾಗಿರಲಿಲ್ಲ. ಆದರೆ ಬಾಗಿಲು ಹಾಕಿಕೊಂಡ ಮನೆಯೊಳಗೆ ಹಾವು ಒಂದು ಸಲ ಸುಳಿದುಹೋದರೆ ಮನೆಯವರಿಗೆ ಮತ್ತೆ ನಿದ್ರೆ ಬರುವುದುಂಟೇ? ೧೯೪೩ರಲ್ಲಿ ನಕಾಜಿಮನು ಗೆಲುವಿನ ಉಪಾಯವನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಬರೆದು ಅಧಿಕಾರಸ್ಥರಿಗೆ ಹಂಚಿದನು. ಅಮೆರಿಕದ ಕೈಗಾರಿಕೆಯ ಶಕ್ತಿ ಜಪಾನಿನದಕ್ಕಿಂತ ಬಹು ದೊಡ್ಡದು. ಅಲ್ಲಿ ಭಾರಿ ಬಾಂಬು ವಿಮಾನಗಳು ಸಿದ್ಧವಾಗುತ್ತಿವೆ. ಅವು ಬಂದ ದಿನ ಜಪಾನಿನ ಕಾರ್ಖಾನೆಗಳು ಉಳಿಯಲಾರವು, ಕಾರ್ಖಾನೆಗಳಿಲ್ಲದೆ ಯುದ್ಧವೂ ಉಳಿಯಲಾರದು ಎಂಬುದು ಅದರ ತಾತ್ಪರ್ಯ. ಆ ದಿನಗಳಲ್ಲಿ ಸೋಲಿನ ಮಾತನ್ನೆತ್ತುವುದೇ ಅಪರಾಧವಾಗಿದ್ದಾಗ ಇಷ್ಟನ್ನು ಸ್ಪಷ್ಟವಾಗಿ ಕಂಡದ್ದಕ್ಕಾಗಿ ಆತನನ್ನು ಮೆಚ್ಚಲೇಬೇಕು.

ರೋಗವನ್ನು ಹೀಗೆ ಗುರುತಿಸಿದ ಮೇಲೆ ಆತನು ಬರೆದ ಔಷಧವಾದರೂ ಏನು? ಅವರದಕ್ಕಿಂತ ದೊಡ್ಡ ವಿಮಾನ! ಮೊದಲು ‘ಝಡ್ ಯೋಜನೆ’ ಎಂದೂ ಆಮೇಲೆ ಫುಗಾಕು ಎಂದೂ ಕರೆಯಿಸಿಕೊಂಡ ಈ ವಿಮಾನಕ್ಕೆ ಆರು ಎಂಜಿನುಗಳು. ಒಂದೊಂದಕ್ಕೂ ೫,೦೦೦ ಕುದುರೆಯ ಶಕ್ತಿ. ರೆಕ್ಕೆ ತುದಿಯಿಂದ ತುದಿಗೆ ಸುಮಾರು ೬೩ ಮೀಟರು. ಉದ್ದ ಸುಮಾರು ೪೦ ಮೀಟರು. ಅದು ಜಪಾನಿನ ಉತ್ತರದ ಕುರಿಲ್ ದ್ವೀಪಗಳಿಂದ ಎದ್ದು, ಶಾಂತಸಾಗರವನ್ನು ದಾಟಿ, ಅಮೆರಿಕದ ಕಾರ್ಖಾನೆಗಳ ಮೇಲೆ ಬಾಂಬು ಹಾಕಿ, ಹಿಂದಕ್ಕೆ ಬಾರದೆ ಮುಂದಕ್ಕೇ ಹೋಗಿ, ಅಟ್ಲಾಂಟಿಕ್ ಸಾಗರವನ್ನೂ ದಾಟಿ, ಆಗ ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನಲ್ಲಿ ಇಳಿಯಬೇಕು! ಮರಳುವ ದಾರಿಯಲ್ಲಿ ಮತ್ತೆ ಅದೇ ಕೆಲಸ. ಭೂಗೋಳವನ್ನು ಕೈಯಲ್ಲಿ ತಿರುಗಿಸುತ್ತ ಈ ದಾರಿಯನ್ನು ಬೆರಳಿನಿಂದ ಗುರುತಿಸಿದಾಗ ನಮಗೆ ಮೈ ಜುಮ್ಮೆಂದಿತು. ಇದನ್ನು ಕಟ್ಟಲೇಬೇಕೆಂದು ಆಗಲೇ ನಿಶ್ಚಯಿಸಿದೆವು. ಮೈ ಜುಮ್ಮೆಂದದ್ದು ಏತಕ್ಕೆ ಎಂಬುದನ್ನು ಆಗ ವಿಚಾರಿಸಲಿಲ್ಲ.

ಸಿದ್ಧಭಾಗಗಳ ಪೆಟ್ಟಿಗೆಯನ್ನು ತರಿಸಿ ಅಂಟಿಸುವ ಮನಸ್ಸಾಗಲಿಲ್ಲ. ಯಾರೂ ಕಟ್ಟದೆ ಹೋದದ್ದನ್ನು ಬುಡದಿಂದಲೇ ಕಟ್ಟಬೇಕೆಂದು ತೋರಿತು. ಪರಿಚಯದ ಬಡಗಿಯೊಬ್ಬರು ಹಾಲೆಮರದ ಕೆಲವು ತುಂಡುಗಳನ್ನು ಕೊಟ್ಟರು. ಬೊಂಬೆ ಮಾಡುವ ಮರ. ಬಿಳುಪು, ನುಣುಪು, ಉಳಿಗೆ ಎದುರಾಡುವುದಿಲ್ಲ. ಮೊದಲು ವಿಮಾನದ ಒಡಲನ್ನು ಗರಗಸದಿಂದ ಒರಟಾಗಿ ಕೊಯ್ದುಕೊಂಡೆವು. ನಕ್ಷೆಯಲ್ಲಿ ಅಲ್ಲಲ್ಲಿ ಒಡಲನ್ನು ಅಡ್ಡ ಕೊಯ್ದರೆ ಕಾಣುವ ದುಂಡಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡು, ಮರವನ್ನು ಉಳಿಯಿಂದ ಸವರುತ್ತ, ಆ ರಟ್ಟುಗಳನ್ನು ಆಗಾಗ ಒತ್ತಿ ನೋಡುತ್ತ ಹೋಗಬೇಕು. ರಟ್ಟಿಗೂ ಮರಕ್ಕೂ ನಡುವೆ ಬೆಳಕು ಕಾಣದಂತಾದರೆ ಆ ಭಾಗ ಸರಿಯಾಯಿತೆಂದು ಅರ್ಥ. ಆಮೇಲೆ ಅರ, ಅರದ ನಂತರ ಉಪ್ಪುಕಾಗದ. ಒಡಲೊಂದಕ್ಕೇ ಮೂರು ವಾರ ಹಿಡಿಯಿತು. ಕೋಣೆಯಲ್ಲೆಲ್ಲ ಬಿದ್ದ ಮರದ ಹೊಟ್ಟನ್ನು ಕಂಡು ನಮ್ಮ ಮನೆಯವರು, ‘ಜಪಾನಿನವರು ಕಟ್ಟದೆ ಬಿಟ್ಟದ್ದು ಅವರ ಮನೆಯ ಹೆಂಗಸರ ಪುಣ್ಯ’ ಎಂದರು.

ರೆಕ್ಕೆಗಳ ವಿಷಯದಲ್ಲಿ ನಮಗೆ ಅವಮಾನವೇ ಆಯಿತು. ಎಡದ ರೆಕ್ಕೆಯನ್ನು ಕೆತ್ತಿ ಮುಗಿಸಿದ ಮೇಲೆ ನಂಟರ ಮನೆಯ ಮದುವೆಗೆಂದು ಊರಿಗೆ ಹೋಗಿ, ಎರಡು ವಾರಗಳಾದ ಮೇಲೆ ಬಂದು ಬಲದ ರೆಕ್ಕೆಯನ್ನು ಕೆತ್ತಿದೆವು. ಎರಡನ್ನೂ ಒಡಲಿಗೆ ಹಿಡಿದು ನೋಡಿದರೆ ಎಡದ ರೆಕ್ಕೆ ಬಲದ್ದಕ್ಕಿಂತ ೭ ಮಿಲಿಮೀಟರು ಉದ್ದವಾಗಿತ್ತು. ಎಲ್ಲಿ ತಪ್ಪಿದೆವೆಂದು ಅರ್ಧ ದಿನ ತಲೆ ಕೆರೆದುಕೊಂಡೆವು. ಕಟ್ಟಕಡೆಗೆ ತಿಳಿಯಿತು: ಮೇಜಿನ ಮೇಲೆ ಎರಡು ನಕ್ಷೆಗಳಿದ್ದವು. ಒಂದು ಮೊದಲಿನ ಝಡ್ ಯೋಜನೆಯದು, ಅದರಲ್ಲಿ ರೆಕ್ಕೆಗಳ ಒಟ್ಟು ಅಳತೆ ೬೫ ಮೀಟರು; ಇನ್ನೊಂದು ಆಮೇಲಿನ ಫುಗಾಕುವಿನದು, ಅದರಲ್ಲಿ ೬೩ ಮೀಟರು. ಎಡಕ್ಕೆ ಒಂದನ್ನೂ ಬಲಕ್ಕೆ ಇನ್ನೊಂದನ್ನೂ ನೋಡಿಕೊಂಡು ಕೆತ್ತಿದ್ದೆವು. ನಮ್ಮ ೭ ಮಿಲಿಮೀಟರು ನಿಜವಾದ ವಿಮಾನದಲ್ಲಿ ಒಂದು ಮೀಟರು.

‘ಯಾವ ಕಡೆಯದು ಸರಿ?’ ಎಂದು ಮನೆಯವರು ಕೇಳಿದರು.

‘ಅದನ್ನು ಹೇಳಬಲ್ಲ ವಿಮಾನವೇ ಇಲ್ಲ’ ಎಂದೆವು.

‘ಹಾಗಾದರೆ ಉದ್ದನೆಯದನ್ನು ಕತ್ತರಿಸಿಬಿಡಿ. ಗಿಡ್ಡದನ್ನು ಬೆಳೆಸುವುದಕ್ಕೆ ಬರುವುದಿಲ್ಲವಲ್ಲ!’

ಇದಕ್ಕಿಂತ ಮಿಗಿಲಾದ ನ್ಯಾಯವಿರಲಿಲ್ಲವಾದ್ದರಿಂದ ಹಾಗೆಯೇ ಮಾಡಿದೆವು. ಆದರೆ ಅಂದು ಒಂದು ಸಂಗತಿ ಮನಸ್ಸಿನಲ್ಲಿ ನಾಟಿತು. ಬೇರೆ ವಿಮಾನಗಳಲ್ಲಿ ನಾವು ತಪ್ಪಿದರೆ ತಪ್ಪೆಂದು ಸಾಕ್ಷಿ ಹೇಳಲು ಮೂಲವೊಂದಿತ್ತು. ಇಲ್ಲಿ ಮೂಲವೆಂಬುದು ಕೆಲವರ ಅಪೇಕ್ಷೆ ಮಾತ್ರ. ಅಪೇಕ್ಷೆಯೋ ತಿಂಗಳು ತಿಂಗಳಿಗೂ ಬದಲಾಗುತ್ತಿತ್ತು. ಒಂದು ಕಾಲದಲ್ಲಿ ಇದೇ ಒಡಲಿನಲ್ಲಿ ಬಾಂಬಿಗೆ ಬದಲಾಗಿ ನೂರಾರು ಸಣ್ಣ ಬಂದೂಕುಗಳನ್ನು ತುಂಬಬೇಕೆಂದೂ, ಇನ್ನೊಂದು ಕಾಲದಲ್ಲಿ ಸಿಪಾಯಿಗಳನ್ನು ತುಂಬಬೇಕೆಂದೂ ಯೋಚಿಸಿದ್ದರು. ಕಾಗದವು ಯಾವ ಭಾರವನ್ನಾದರೂ ಹೊರುತ್ತದೆ.

ಮರವು ಹೊರುವುದಿಲ್ಲ, ಲೋಹವಂತೂ ಹೊರುವುದೇ ಇಲ್ಲ. ಎಂಜಿನುಗಳನ್ನು ಮಾಡತೊಡಗಿದಾಗ ಇದು ಚೆನ್ನಾಗಿ ಅರ್ಥವಾಯಿತು. ೫,೦೦೦ ಕುದುರೆಯ ಶಕ್ತಿಯ ಎಂಜಿನು ಆಗ ಜಪಾನಿನಲ್ಲಿ ಇರಲಿಲ್ಲ. ನಕಾಜಿಮನ ಕಾರ್ಖಾನೆಯಲ್ಲಿಯೇ ಆಗುತ್ತಿದ್ದ ‘ಹೊಮರೆ’ ಎಂಬ ಎಂಜಿನಿಗೆ ಹದಿನೆಂಟು ಸಿಲಿಂಡರುಗಳು, ಶಕ್ತಿ ೨,೦೦೦ ಕುದುರೆಯ ಸುಮಾರಿನದು. ಅದನ್ನು ಸರಿಯಾಗಿ ನಡೆಯಿಸುವುದೇ ಕಷ್ಟವಾಗಿತ್ತು. ಫುಗಾಕುವಿಗಾದರೋ ಹದಿನೆಂಟು ಸಿಲಿಂಡರಿನ ಎರಡು ಎಂಜಿನುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಮೂವತ್ತಾರು ಸಿಲಿಂಡರಿನ ಒಂದು ಎಂಜಿನು ಮಾಡಬೇಕೆಂದಿದ್ದರು. ಈ ಎಂಜಿನುಗಳನ್ನು ತಣ್ಣಗಿಡುವುದು ಎದುರಿನಿಂದ ಬರುವ ಗಾಳಿ. ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಬಡಿಸಿದ ತುಪ್ಪ ಕೊನೆಯ ಪಂಕ್ತಿಗೆ ತಲುಪುವುದಿಲ್ಲವಷ್ಟೆ? ಹಾಗೆಯೇ ಮುಂದಿನ ಸಾಲು ಸಿಲಿಂಡರುಗಳಿಗೆ ತಾಕಿದ ತಂಗಾಳಿ, ಹಿಂದಿನ ಸಾಲಿಗೆ ಹೋಗುವ ವೇಳೆಗೆ ಬಿಸಿಗಾಳಿಯಾಗಿರುತ್ತದೆ. ಇಂಥವು ಆರು ಎಂಜಿನು. ಒಟ್ಟು ೨೧೬ ಸಿಲಿಂಡರು. ನಾವಾದರೋ ಎದುರಿಗೆ ಕಾಣುವ ಒಂಬತ್ತೊಂಬತ್ತನ್ನು ಮಾತ್ರ ಗುಂಡುಸೂಜಿಗೆ ಹೊಲಿಗೆಯ ದಾರ ಸುತ್ತಿ ಮಾಡಿದೆವು. ಐವತ್ತನಾಲ್ಕು ಸೂಜಿಗಳಿಗೆ ದಾರ ಸುತ್ತುವಷ್ಟರಲ್ಲಿ ಕಣ್ಣು ನೀರಾಡಿದವು. ಕೊನೆಯ ಇಪ್ಪತ್ತನ್ನು ಸುತ್ತಿದವಳು ರಜಕ್ಕೆ ಬಂದಿದ್ದ ನಮ್ಮ ಮೊಮ್ಮಗಳು. ಅವಳಿಗೆ ಹತ್ತು ವರುಷ.

ದಾರ ಸುತ್ತುತ್ತ ಸುತ್ತುತ್ತ ಅವಳು ಕೇಳಿದಳು: ‘ತಾತ, ಇದು ಎಲ್ಲಿಗೆ ಹೋಗಬೇಕಾಗಿತ್ತು?’

‘ಅಮೆರಿಕಕ್ಕೆ.’

‘ಅಲ್ಲಿಗೆ ಹೋಗಿ?’

‘ಅಲ್ಲಿಯ ಕಾರ್ಖಾನೆಗಳ ಮೇಲೆ ಬಾಂಬು ಹಾಕಬೇಕಾಗಿತ್ತು.’

‘ಕಾರ್ಖಾನೆಯ ಒಳಗೆ ಜನ ಇರುವುದಿಲ್ಲವೇ?’

ನಾವು ಹದಿನಾಲ್ಕು ವಿಮಾನಗಳನ್ನು ಕಟ್ಟಿದ್ದೆವು. ಅವುಗಳ ವೇಗವೆಷ್ಟು, ಎತ್ತರವೆಷ್ಟು, ಎಷ್ಟು ಮಣ ಹೊರುತ್ತವೆ ಎಂಬುದೆಲ್ಲ ನಮಗೆ ಬಾಯಿಪಾಠವಾಗಿತ್ತು. ಈ ಪ್ರಶ್ನೆಯನ್ನು ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ. ‘ಇರುತ್ತಾರೆ ಮಗು’ ಎಂದು ಹೇಳಿ, ದೀಪವನ್ನು ಆರಿಸಿ, ಊಟಕ್ಕೆ ಎದ್ದೆವು.

ಮರುದಿನ ಕೆಲಸಕ್ಕೆ ಕೈ ಹತ್ತಲಿಲ್ಲ. ಅದರ ಬದಲು ಅವಳನ್ನು ಕುಳ್ಳಿರಿಸಿಕೊಂಡು, ಆಮೇಲೆ ಏನಾಯಿತೆಂಬುದನ್ನು ಹೇಳಿದೆವು. ೧೯೪೪ನೆಯ ಜೂನ್ ೬ರಂದು ಮಿತ್ರರಾಷ್ಟ್ರಗಳ ಸೈನ್ಯ ಫ್ರಾನ್ಸಿನ ದಡದಲ್ಲಿ ಇಳಿಯಿತು; ಫುಗಾಕು ಹೋಗಿ ಇಳಿಯಬೇಕಾಗಿದ್ದ ನೆಲ ಕೈಬಿಡಲು ಆರಂಭವಾಯಿತು. ಜುಲೈ ತಿಂಗಳಲ್ಲಿ ಸಾಯಿಪಾನ್ ದ್ವೀಪ ಅಮೆರಿಕದ ಪಾಲಾಯಿತು. ಅಲ್ಲಿಂದ ಬಿ-೨೯ ವಿಮಾನಗಳು ಟೋಕಿಯೋವರೆಗೆ ಹೋಗಿ ಹಿಂದಿರುಗಬಹುದಾಗಿತ್ತು. ಇದ್ದ ಲೋಹವೂ ಇದ್ದ ಕೆಲಸಗಾರರೂ ಊರನ್ನು ಕಾಯುವ ಸಣ್ಣ ವಿಮಾನಗಳಿಗೇ ಸಾಲದಾದುದರಿಂದ ಫುಗಾಕುವನ್ನು ಕೈಬಿಟ್ಟರು. ಅದೇ ವರುಷ ನವೆಂಬರ್ ೨೪ರಂದು ೧೧೧ ಬಿ-೨೯ ವಿಮಾನಗಳು ಆ ದ್ವೀಪಗಳಿಂದ ಟೋಕಿಯೋ ಮೇಲೆ ಮೊದಲ ದಾಳಿಗೆ ಹೊರಟವು. ಅವುಗಳ ಗುರಿ ಯಾವುದು? ನಗರದ ಪಶ್ಚಿಮಕ್ಕಿರುವ ಮುಸಾಶಿನೋದಲ್ಲಿದ್ದ ನಕಾಜಿಮನ ಎಂಜಿನು ಕಾರ್ಖಾನೆ! ತಾನು ಅಮೆರಿಕದವರಿಗೆ ಮಾಡಬೇಕೆಂದು ಆತನು ಬರೆದಿಟ್ಟಿದ್ದನ್ನು, ಆ ಕ್ರಮದಲ್ಲಿಯೇ, ಅವರು ಆತನ ಮನೆಬಾಗಿಲಿಗೆ ಬಂದು ಮಾಡಿದರು. ಆ ಕಾಲದಲ್ಲಿ ಜಪಾನಿನ ಶಾಲೆಗಳ ಮಕ್ಕಳನ್ನೂ ಕಾರ್ಖಾನೆಗಳ ಕೆಲಸಕ್ಕೆ ಹಚ್ಚಿದ್ದರು. ಮುಸಾಶಿನೋದಲ್ಲಿಯೂ ಅಂಥವರಿದ್ದರು, ಅಲ್ಲಿ ಮೇಲಿಂದ ಮೇಲೆ ನಡೆದ ದಾಳಿಗಳಲ್ಲಿ ಅಂಥವರೂ ಸತ್ತರು. ೧೯೪೫ನೆಯ ಮಾರ್ಚ್ ೯ರ ರಾತ್ರಿ ಬೆಂಕಿಬಾಂಬುಗಳಿಂದ ಟೋಕಿಯೋ ನಗರದ ಪೂರ್ವಭಾಗವೇ ಸುಟ್ಟುಹೋಗಿ ಸುಮಾರು ಒಂದು ಲಕ್ಷ ಜನ ಮಡಿದರು.

ಮಗು ಎದ್ದುಹೋಗಿ ಹಲಗೆಯ ಮೇಲಿದ್ದ ಬಿ-೨೯ನ್ನು ತೆಗೆದುಕೊಂಡು ಬಂದು, ಅರ್ಧ ಮುಗಿದ ಫುಗಾಕುವಿನ ಪಕ್ಕದಲ್ಲಿ ಇಟ್ಟಳು. ಒಂದು ೩೦ ಸೆಂಟಿಮೀಟರು, ಇನ್ನೊಂದು ೪೪. ಬಹಳ ಹೊತ್ತು ಎರಡನ್ನೂ ನೋಡಿದಳು.

‘ಹಾಗಾದರೆ ಇದು ಆಗದೆ ಹೋದದ್ದೇ ಒಳ್ಳೆಯದಾಯಿತು. ಮತ್ತೆ ನೀವೇಕೆ ಮಾಡುತ್ತಿದ್ದೀರಿ ತಾತ?’

ಮಕ್ಕಳಿಗೆ ಸುಳ್ಳು ಹೇಳಬಾರದು. ಆದರೆ ನಿಜವನ್ನು ಹೇಳಲು ಅದು ನಮಗೇ ಮೊದಲು ತಿಳಿದಿರಬೇಕಲ್ಲವೇ? ಅಂದು ಅವಳಿಗೆ ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಇಲ್ಲಿ ಬರೆಯುತ್ತಿರುವುದು ಆಮೇಲೆ ಹಲವು ಸಂಜೆಗಳಲ್ಲಿ ಉಪ್ಪುಕಾಗದವನ್ನು ಉಜ್ಜುತ್ತ ನಮಗೆ ತಿಳಿದುಬಂದದ್ದು.

ಅಷ್ಟು ದೊಡ್ಡ ವಿಮಾನವನ್ನು ಕಟ್ಟುವ ಮಾತು ಹುಚ್ಚರ ಕನಸೆಂದು ಪುಸ್ತಕಗಳಲ್ಲಿ ಓದಿದಾಗ ನಾವೂ ನಕ್ಕಿದ್ದೆವು. ಆದರೆ ಅದು ಹುಚ್ಚಾಗಿರಲಿಲ್ಲ. ಸರಿಯಾಗಿ ಅಂಥದೇ ಯೋಚನೆ ೧೯೪೧ರಲ್ಲಿ ಅಮೆರಿಕದವರಿಗೂ ಬಂದಿತ್ತು. ಇಂಗ್ಲೆಂಡು ಜರ್ಮನರ ವಶವಾಗಿಬಿಟ್ಟರೆ ತಮ್ಮ ನೆಲದಿಂದಲೇ ಎದ್ದು ಹೋಗಿ ಜರ್ಮನಿಯ ಮೇಲೆ ಬಾಂಬು ಹಾಕಿ ಹಿಂದಿರುಗುವ ವಿಮಾನ ಬೇಕೆಂದು ಅವರು ಬಿ-೩೬ ಎಂಬುದನ್ನು ಆರಂಭಿಸಿದರು. ಅದಕ್ಕೂ ಆರು ಎಂಜಿನುಗಳು. ರೆಕ್ಕೆ ೭೦ ಮೀಟರು, ಎಂದರೆ ಫುಗಾಕುವಿಗಿಂತಲೂ ಉದ್ದ. ಅವರಲ್ಲಿ ಲೋಹವಿತ್ತು, ಎಣ್ಣೆಯಿತ್ತು, ಎಂಜಿನಿತ್ತು. ಆದ್ದರಿಂದ ಅದು ೧೯೪೬ನೆಯ ಆಗಸ್ಟಿನಲ್ಲಿ ಹಾರಿಯೂ ಹಾರಿತು. ಅಷ್ಟರಲ್ಲಿ ಅದು ಯಾವ ಯುದ್ಧಕ್ಕೆಂದು ಹುಟ್ಟಿತೋ ಆ ಯುದ್ಧ ಮುಗಿದು ಒಂದು ವರುಷವಾಗಿತ್ತು. ೧೯೫೯ರಲ್ಲಿ ಅದನ್ನು ಸೇವೆಯಿಂದ ತೆಗೆದರು. ಅಷ್ಟು ವರುಷಗಳಲ್ಲಿ ಒಂದು ಯುದ್ಧದಲ್ಲಿಯೂ ಅದು ಬಾಂಬು ಹಾಕಲಿಲ್ಲ.

ಹೀಗೆ ಸಾಗರದ ಎರಡು ದಡಗಳಲ್ಲಿ ಒಂದೇ ಭಯ ಒಂದೇ ಆಕಾರವನ್ನು ತಾಳಿತ್ತು. ನಕಾಜಿಮನು ದಡ್ಡನಲ್ಲ, ಕ್ರೂರಿಯೆಂದು ಹೇಳುವುದಕ್ಕೂ ನಮ್ಮಲ್ಲಿ ಆಧಾರವಿಲ್ಲ. ತನ್ನ ಊರಿನ ಮೇಲೆ ಬೆಂಕಿ ಬೀಳುವುದನ್ನು ಆತನು ಒಂದು ವರುಷ ಮುಂಚೆಯೇ ಕಣ್ಣಾರೆ ಕಂಡಂತೆ ಕಂಡನು. ಹಾಗೆ ಕಂಡವನಿಗೆ ಯುದ್ಧವನ್ನು ನಿಲ್ಲಿಸೋಣವೆಂಬ ಮಾತು ಹೊಳೆಯಬೇಕಾಗಿತ್ತು. ಆತನು ಮಂತ್ರಿಪದವಿಯನ್ನು ಕಂಡವನು, ಆ ಮಾತನ್ನು ಆಡಬಲ್ಲ ಸ್ಥಾನ ಆತನಿಗಿತ್ತು. ಅದರ ಬದಲು ಆತನು ಬೆಂಕಿ ಬೀಳುವ ಜಾಗವನ್ನು ಬದಲಾಯಿಸುವ ಲೆಕ್ಕವನ್ನು ಹಾಕಿದನು. ಜಾಣತನವೆಲ್ಲ ಆ ಲೆಕ್ಕದೊಳಗೆ ಮುಳುಗಿತು. ಭಯ ಹೆಚ್ಚಿದಷ್ಟೂ ರೆಕ್ಕೆ ಉದ್ದವಾಯಿತು. ಈ ಸಂಗತಿಯನ್ನು ನಾವು ಪುಸ್ತಕದಲ್ಲಿ ಓದಿ ಮರೆತುಬಿಡುತ್ತಿದ್ದೆವು. ಎರಡು ತಿಂಗಳು ಆ ರೆಕ್ಕೆಯ ಮೇಲೆ ಕೈಯಾಡಿಸಿದ ಮೇಲೆ ಮರೆಯಲು ಸಾಧ್ಯವಿಲ್ಲ. ನಾವೇಕೆ ಮಾಡುತ್ತಿದ್ದೇವೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲಿಲ್ಲ.

ಇನ್ನು ಬಣ್ಣದ ಮಾತು. ಅಂಗಡಿಯಿಂದ ಕಡುಹಸಿರನ್ನೂ ಬೂದಿ ಬಣ್ಣವನ್ನೂ ಮೊದಲೇ ತಂದಿಟ್ಟಿದ್ದೆವು. ಯುದ್ಧದ ಕೊನೆಯ ವರುಷಗಳಲ್ಲಿ ಜಪಾನಿನ ನೌಕಾದಳದ ವಿಮಾನಗಳಿಗೆ ಮೇಲೆ ಹಸಿರು, ಕೆಳಗೆ ಬೂದಿ. ರೆಕ್ಕೆಗಳ ಮೇಲೆ ಬರೆಯತಕ್ಕ ಕೆಂಪು ಸೂರ್ಯನಿಗಾಗಿ ದುಂಡಗೆ ಕತ್ತರಿಸಿದ ಕಾಗದವೂ ಸಿದ್ಧವಾಗಿತ್ತು. ಹಲಗೆಯ ಮೇಲಿರುವ ಜೀರೋ ವಿಮಾನಕ್ಕೆ ಆ ಗುರುತು ಇದೆ. ಇರತಕ್ಕದ್ದು ನ್ಯಾಯ, ಏಕೆಂದರೆ ಅದು ಆ ಗುರುತನ್ನು ಹೊತ್ತು ಹಾರಿತು, ಒಳ್ಳೆಯದೋ ಕೆಟ್ಟದ್ದೋ ಮಾಡಿತು. ಫುಗಾಕುವಿನ ಮೇಲೆ ಅದನ್ನು ಬರೆದರೆ ನಡೆಯದೆ ಇದ್ದದ್ದಕ್ಕೆ ಸುಳ್ಳುಸಾಕ್ಷಿ ಹೇಳಿದಂತಾಗುತ್ತದೆಂದು ತೋರಿತು. ಬಣ್ಣದ ಶೀಸೆಗಳನ್ನು ಮುಚ್ಚಿಟ್ಟೆವು. ಮರಕ್ಕೆ ಎರಡು ಸಲ ಜೇನುಮೇಣವನ್ನು ಉಜ್ಜಿ, ಬಟ್ಟೆಯಿಂದ ಒರೆಸಿದೆವು. ಈಗ ಅದು ಯಾವ ದೇಶಕ್ಕೂ ಸೇರದೆ, ಹಾಲೆಮರದ ತಿಳಿಬಣ್ಣದಲ್ಲಿ ನಿಂತಿದೆ.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ಮೊಮ್ಮಗಳು ಹಿಡಿದ ಪಟ್ಟನ್ನು ಬಿಡುವವಳಲ್ಲ. ‘ವಿಮಾನ ಆಗಲಿಲ್ಲ, ಸರಿ. ಅದನ್ನು ಮಾಡುತ್ತಿದ್ದವರೆಲ್ಲ ಆಮೇಲೆ ಏನು ಮಾಡಿದರು?’ ಎಂದಳು. ಇದಕ್ಕೆ ಉತ್ತರ ಹುಡುಕಲು ಮತ್ತೆ ಪುಸ್ತಕಗಳನ್ನು ತೆರೆದೆವು.

ಯುದ್ಧವಾದ ಮೇಲೆ ಜಪಾನಿನವರು ವಿಮಾನ ಕಟ್ಟಕೂಡದೆಂದು ನಿಷೇಧವಾಯಿತು; ಅದು ಸಡಿಲವಾದದ್ದು ೧೯೫೨ರಲ್ಲಿ. ನಕಾಜಿಮನು ೧೯೪೯ರಲ್ಲಿ ತೀರಿಕೊಂಡನು. ಆತನ ಸಂಸ್ಥೆಯನ್ನು ಹಲವು ತುಂಡುಗಳಾಗಿ ಒಡೆದುಹಾಕಿದರು. ಅವುಗಳಲ್ಲಿ ಕೆಲವು ಮತ್ತೆ ಒಂದಾಗಿ ೧೯೫೩ರಲ್ಲಿ ಒಂದು ಹೊಸ ಸಂಸ್ಥೆಯಾಯಿತು. ಅದರ ಹೆಸರಿನಲ್ಲಿಯೂ ಫುಜಿ ಎಂಬ ಪದವೇ ಇತ್ತು. ಅದು ಮಾಡಿದ್ದು ಸ್ಕೂಟರು, ಆಮೇಲೆ ಸುಬಾರು ಎಂಬ ಹೆಸರಿನ ಮೋಟಾರು ಕಾರು. ಮಿತಾಕ ಎಂಬಲ್ಲಿದ್ದ ನಕಾಜಿಮನ ಸಂಶೋಧನಾಲಯದ ದೊಡ್ಡ ಕಟ್ಟಡ ಒಂದು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಅಂತಾರಾಷ್ಟ್ರೀಯ ಕ್ರೈಸ್ತ ವಿಶ್ವವಿದ್ಯಾನಿಲಯವೆಂಬ ಆ ವಿದ್ಯಾಲಯದಲ್ಲಿ ೧೯೫೩ರಿಂದ ಹಲವು ದೇಶಗಳ ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತು ಓದುತ್ತಿದ್ದಾರೆ. ಅವರಲ್ಲಿ ಅಮೆರಿಕದಿಂದ ಬಂದವರೂ ಇದ್ದಾರೆ.

ಒಡೆದ ತುಂಡುಗಳಲ್ಲಿ ಇನ್ನೊಂದು, ಎಂಜಿನು ಮಾಡುತ್ತಿದ್ದ ಓಗಿಕುಬೋ ಕಾರ್ಖಾನೆಯಿಂದ ಬೆಳೆದದ್ದು. ಇತೊಕಾವಾ ಹಿದೆಯೋ ಎಂಬ ಇಂಜಿನಿಯರನು ೧೯೪೧ರವರೆಗೆ ನಕಾಜಿಮನಲ್ಲಿಯೇ ಕೆಲಸ ಮಾಡಿದವನು. ‘ಹಯಬುಸ’ ಎಂಬ ಕಾಳಗದ ವಿಮಾನದ ರಚನೆಯಲ್ಲಿ ಕೈಯಿದ್ದವನು. ಯುದ್ಧಾನಂತರ ಆತನು ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದುಕೊಂಡು, ಈ ಕಾರ್ಖಾನೆಯವರ ನೆರವಿನಿಂದ ಒಂದು ರಾಕೆಟ್ಟನ್ನು ಮಾಡಿದನು. ಹಣ ಕಡಿಮೆ, ಸಾಮಾನು ಕಡಿಮೆ. ೧೯೫೫ನೆಯ ಏಪ್ರಿಲ್ ೧೨ರಂದು, ಮಿತಾಕಕ್ಕೆ ಹೆಚ್ಚು ದೂರವಿಲ್ಲದ ಕೊಕುಬುಂಜಿಯಲ್ಲಿ ಅದನ್ನು ಜನರ ಮುಂದೆ ಹಾರಿಸಿದರು; ಅದೂ ಆಕಾಶಕ್ಕಲ್ಲ, ನೆಲಕ್ಕೆ ಸಮನಾಗಿ ಅಡ್ಡಲಾಗಿ! ಅದರ ಹೆಸರು ‘ಪೆನ್ಸಿಲ್’. ಉದ್ದ ೨೩ ಸೆಂಟಿಮೀಟರು, ದಪ್ಪ ೧.೮ ಸೆಂಟಿಮೀಟರು, ತೂಕ ಸುಮಾರು ೨೦೦ ಗ್ರಾಂ. ಜಪಾನಿನ ರಾಕೆಟ್ಟುಗಳ ವಂಶವೆಲ್ಲ ಆ ಕಡ್ಡಿಯಿಂದ ಬೆಳೆಯಿತು. ೨೦೦೩ರಲ್ಲಿ ಅವರು ಹಾರಿಸಿದ ಹಯಬುಸ ಎಂಬ ನೌಕೆ, ಇತೊಕಾವಾನ ಹೆಸರನ್ನೇ ಇಟ್ಟಿದ್ದ ಒಂದು ಪುಟ್ಟ ಗ್ರಹಕ್ಕೆ ೨೦೦೫ರಲ್ಲಿ ತಲುಪಿ, ಅದರ ಧೂಳಿನ ಕೆಲವು ಕಣಗಳನ್ನು ೨೦೧೦ರಲ್ಲಿ ಭೂಮಿಗೆ ತಂದಿತು. ಫುಗಾಕು ಹೋಗಬೇಕಾಗಿದ್ದ ದಾರಿಗಿಂತ ಇದು ಎಷ್ಟೋ ದೂರದ ದಾರಿ. ಇದು ಹಿಂದಿರುಗಿಯೂ ಬಂದಿತು.

ಇಷ್ಟನ್ನು ಓದಿ ಹೇಳಿದ ಮೇಲೆ ಮೊಮ್ಮಗಳು ಹಾಲೆಮರ ಇನ್ನೂ ಉಳಿದಿದೆಯೇ ಎಂದು ಕೇಳಿದಳು. ಉದ್ದನೆಯ ರೆಕ್ಕೆಗಾಗಿ ತೆಗೆದಿಟ್ಟು ಬೇಡವಾದ ಒಂದು ತುಂಡು ಇತ್ತು. ಅವಳು ಅದನ್ನು ತಾನೇ ದುಂಡಗೆ ಸವರಿ, ಅಡಿಕೋಲು ಹಿಡಿದು ಅಳೆದು, ೨೩ ಸೆಂಟಿಮೀಟರಿಗೆ ಕತ್ತರಿಸಿ, ಹಿಂದುಗಡೆ ರಟ್ಟಿನ ಬಾಲಗಳನ್ನು ಅಂಟಿಸಿದಳು. ಒಂದು ಬಾಲ ಸ್ವಲ್ಪ ಸೊಟ್ಟಗಾಗಿದೆ. ಅದನ್ನು ಹಲಗೆಯ ಮೇಲೆ ಫುಗಾಕುವಿನ ಪಕ್ಕದಲ್ಲಿ ನಿಲ್ಲಿಸಿದ್ದೇವೆ.

ನಾವು ಪ್ರತಿಯೊಂದು ವಿಮಾನದ ಮುಂದೆಯೂ ಅದರ ಹೆಸರನ್ನೂ ಅಳತೆಯನ್ನೂ ಬರೆದ ಚೀಟಿಯನ್ನು ಇಡುವುದು ವಾಡಿಕೆ. ಫುಗಾಕುವಿನ ಚೀಟಿಯಲ್ಲಿ ‘ಮೂಲದ ೧೪೪ನೆಯ ಒಂದು ಪಾಲು’ ಎಂದು ಬರೆದೆವು. ಬರೆದ ಮೇಲೆ, ಯಾವ ಮೂಲ ಎಂದು ನಗೆಯೂ ಬಂತು. ಪೆನ್ಸಿಲಿನ ಚೀಟಿಯನ್ನು ಮೊಮ್ಮಗಳೇ ಬರೆದಳು. ದೊಡ್ಡ ದೊಡ್ಡ ಅಕ್ಷರಗಳಲ್ಲಿ ಅವಳು ಬರೆದದ್ದು ಇಷ್ಟೇ: ‘ನಿಜವಾಗಿ ಇದ್ದಷ್ಟೇ ಅಳತೆ.’